ಕಡಲನೀರಿನ ಅಕ್ವೇರಿಯಂಗೆ ಶುದ್ಧ ನೀರು: ತಯಾರಿಸುವುದು, ಶೇಖರಿಸುವುದು, ಉಪ್ಪು ಬೆರೆಸುವುದು

ಅಕ್ವೇರಿಯಂನಿಂದ ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿ ಕರಗಿದ್ದದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. 200 ಲೀಟರಿನ ಟ್ಯಾಂಕಿನಿಂದ ದಿನಕ್ಕೆ 2 ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 60 ಲೀಟರ್ ಸಿಹಿನೀರು ತುಂಬಬೇಕಾಗುತ್ತದೆ. ನಲ್ಲಿಯ ನೀರನ್ನೇ ತುಂಬಿದಿರಿ, ಅದರಲ್ಲಿ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಇದೆ ಎಂದಾದರೆ ಒಂದೇ ತಿಂಗಳಲ್ಲಿ 1,200 ಮಿಲಿಗ್ರಾಂ ನೈಟ್ರೇಟ್ ಒಳಗೆ ಸೇರಿತು. ಮೀನಿಗೆ ಒಂದು ಕಾಳು ಆಹಾರ ಹಾಕದಿದ್ದರೂ ಟ್ಯಾಂಕಿನ ನೈಟ್ರೇಟ್ ಲೀಟರಿಗೆ 6 ಮಿಲಿಗ್ರಾಂ ಏರುತ್ತದೆ. ಫಾಸ್ಫೇಟ್ ಲೀಟರಿಗೆ ಅರ್ಧ ಮಿಲಿಗ್ರಾಂ ಇದ್ದರೆ ತಿಂಗಳಲ್ಲಿ 0.15 ಏರುತ್ತದೆ. ಹವಳ ಸಾಕುವವರು ಸಾಮಾನ್ಯವಾಗಿ ಫಾಸ್ಫೇಟನ್ನು 0.1ರ ಕೆಳಗೆ ಇಡಲು ಹೆಣಗುತ್ತಾರೆ. ಅಂದಮೇಲೆ ತುಂಬಿದ ನೀರೊಂದೇ ಆ ಶ್ರಮವನ್ನು ಹಾಳುಮಾಡಿಬಿಡುತ್ತದೆ.

ಸಿಲಿಕೇಟ್ ಇದ್ದರೆ ಗಾಜಿನ ಮೇಲೆ ಕಂದು ಬಣ್ಣದ ಡಯಾಟಮ್ (ಒಂದು ಬಗೆಯ ಸೂಕ್ಷ್ಮ ಪಾಚಿ) ಪದರ ಮತ್ತೆ ಮತ್ತೆ ಕಟ್ಟುತ್ತದೆ. ತಾಮ್ರ ಇದ್ದರೆ ಸೀಗಡಿ, ಬಸವನಹುಳು, ಹವಳದಂಥ ಬೆನ್ನುಮೂಳೆಯಿಲ್ಲದ ಜೀವಿಗಳು ಮೊದಲು ಸಾಯುತ್ತವೆ. ಮೀನು ತಡೆದುಕೊಂಡಷ್ಟು ತಾಮ್ರವನ್ನು ಅವು ತಡೆದುಕೊಳ್ಳುವುದಿಲ್ಲ. ನಲ್ಲಿ ನೀರಿನ ರೋಗಾಣು ಕೊಲ್ಲಲು ಬೆರೆಸುವ ಕ್ಲೋರಿನ್ ಮತ್ತು ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾದ ಸಂಯುಕ್ತ) ಕಿವಿರುಗಳನ್ನು ಸುಡುತ್ತವೆ, ಜೈವಿಕ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ.

ಇವೆಲ್ಲಕ್ಕೂ ಇರುವ ಉತ್ತರ ಆರ್‌ಒ-ಡಿಐ ಘಟಕ. ಆರ್‌ಒ ಎಂದರೆ ಒತ್ತಡದಲ್ಲಿ ನೀರನ್ನು ಪೊರೆಯ (ಮೆಂಬ್ರೇನ್) ಮೂಲಕ ದಾಟಿಸುವುದು, ಡಿಐ ಎಂದರೆ ಉಳಿದ ಅಯಾನುಗಳನ್ನು (ಕರಗಿದ ಲವಣದ ವಿದ್ಯುದಂಶವಿರುವ ಕಣಗಳನ್ನು) ರೆಸಿನ್ ಎಂಬ ಸಣ್ಣ ಗುಂಡುಗಳಿಂದ ಹಿಡಿಯುವುದು. ಘಟಕ ಕೊಂಡು ನಲ್ಲಿಗೆ ಜೋಡಿಸಿದರೆ ನೀರೇನೋ ಸೊನ್ನೆ ಟಿಡಿಎಸ್‌ಗೆ (ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವುದರ ಒಟ್ಟು ಪ್ರಮಾಣ) ಬರುತ್ತದೆ. ಆದರೆ ಅದು ಸೊನ್ನೆಯಲ್ಲೇ ಟ್ಯಾಂಕ್ ತಲುಪುತ್ತದೆಯೇ ಎಂಬುದು ಬೇರೆ ಮಾತು. ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಘಟಕ ಚಾಲೂ ಮಾಡಿದ ಮೊದಲ ನಿಮಿಷಗಳಲ್ಲಿ, ಮುಗಿದುಹೋದ ರೆಸಿನ್‌ನಲ್ಲಿ, ಇಲ್ಲವೇ ನೀರು ಕೂಡಿಟ್ಟ ಡ್ರಮ್ಮಿನಲ್ಲಿ. ಈ ಬರಹದ ಹೆಚ್ಚಿನ ಭಾಗ ಅವುಗಳ ಬಗ್ಗೆಯೇ ಇದೆ.

ಕುಡಿಯುವ ನೀರಿನ ಯಂತ್ರ ಏಕೆ ಸಾಲದು

ಅಡುಗೆಮನೆಯ ಆರ್‌ಒ ಯಂತ್ರದಲ್ಲೂ ಇದೇ ಬಗೆಯ ಮೆಂಬ್ರೇನ್ ಇರುತ್ತದೆ, ನಿಜ. ಆದರೆ ಅಂಥ ಹಲವು ಯಂತ್ರಗಳಲ್ಲಿ ರುಚಿಗಾಗಿ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ. ಕೆಲವದರಲ್ಲಿ ಶುದ್ಧೀಕರಿಸದ ನೀರನ್ನೇ ಒಂದಿಷ್ಟು ಬೆರೆಸುವ ಟಿಡಿಎಸ್ ತಿರುಪು ಇರುತ್ತದೆ. ಇನ್ನು ಕೆಲವು ನೀರಿಗೆ ತಾಮ್ರ ಸೇರಿಸುತ್ತವೆ. ಕುಡಿಯಲು ಒಳ್ಳೆಯದಾದ 50 ಅಥವಾ 80 ಟಿಡಿಎಸ್ ನೀರು ಹವಳಕ್ಕೆ ಒಳ್ಳೆಯದಲ್ಲ. ಅಂಥ ಯಂತ್ರವನ್ನೇ ಬಳಸಬೇಕಿದ್ದರೆ ಮೆಂಬ್ರೇನಿನಿಂದ ಹೊರಬರುವ ಕೊಳವೆಯಲ್ಲೇ, ಖನಿಜ ಸೇರುವ ಮೊದಲೇ, ಒಂದು ಕವಲು ತೆಗೆದು ಅದಕ್ಕೆ ಡಿಐ ಪಾತ್ರೆ ಜೋಡಿಸಬೇಕು.

ನೀರು ಹಾದುಹೋಗುವ ದಾರಿ

ಮೊದಲನೆಯದು ಸೆಡಿಮೆಂಟ್ ಫಿಲ್ಟರ್. 5 ಮೈಕ್ರಾನಿನದು ಸಾಮಾನ್ಯ, 1 ಮೈಕ್ರಾನಿನದು ಇನ್ನೂ ಒಳ್ಳೆಯದು. ಕೆಸರು, ತುಕ್ಕು, ಮರಳನ್ನು ತಡೆಯುವುದಷ್ಟೇ ಇದರ ಕೆಲಸ. ಇದು ಅಗ್ಗದ ಭಾಗ. ಇದನ್ನು ಬದಲಿಸಲು ಹಿಂದೆಮುಂದೆ ನೋಡಿದರೆ ಇದಕ್ಕಿಂತ ದುಬಾರಿಯಾದ ಕಾರ್ಬನ್ ಮತ್ತು ಮೆಂಬ್ರೇನ್ ಕಟ್ಟಿಕೊಳ್ಳುತ್ತವೆ.

ಎರಡನೆಯದು ಕಾರ್ಬನ್ ಬ್ಲಾಕ್. ಮನೆಬಳಕೆಯ ಘಟಕಗಳಲ್ಲಿರುವ ಟಿಎಫ್‌ಸಿ (ತೆಳುಪದರದ) ಮೆಂಬ್ರೇನನ್ನು ಕ್ಲೋರಿನ್ ತಿಂದುಹಾಕುತ್ತದೆ, ಆದ್ದರಿಂದ ಮೆಂಬ್ರೇನ್ ತಲುಪುವ ಮೊದಲೇ ಕ್ಲೋರಿನ್ ಪೂರ್ತಿ ಹೋಗಬೇಕು. ನಿಮ್ಮ ನೀರು ಸರಬರಾಜಿನವರು ಕ್ಲೋರಮೈನ್ ಬಳಸುತ್ತಿದ್ದರೆ ಒಂದು ಮಾಮೂಲಿ ಕಾರ್ಬನ್ ಸಾಲುವುದಿಲ್ಲ. ಕ್ಲೋರಮೈನ್ ನಿಧಾನವಾಗಿ ಒಡೆಯುತ್ತದೆ, ಹೆಚ್ಚು ಹೊತ್ತು ಕಾರ್ಬನ್ನಿಗೆ ತಾಗಿರಬೇಕು. ಒಡೆದಾಗ ಅಮೋನಿಯಾ ಬಿಡುಗಡೆಯಾಗುತ್ತದೆ. ಕ್ಲೋರಮೈನಿಗೆಂದೇ ಬರುವ ಕ್ಯಾಟಲಿಟಿಕ್ ಕಾರ್ಬನ್ ಹಾಕಿ, ಸಾಧ್ಯವಾದರೆ ಎರಡು ಬ್ಲಾಕ್ ಸಾಲಾಗಿ ಇಡಿ. ಬಿಡುಗಡೆಯಾದ ಅಮೋನಿಯಾದ ಹೆಚ್ಚಿನ ಪಾಲನ್ನು ಮೆಂಬ್ರೇನ್, ಉಳಿದುದನ್ನು ರೆಸಿನ್ ಹಿಡಿಯುತ್ತವೆ. ರೆಸಿನ್ ಇಲ್ಲದ ಬರೀ ಆರ್‌ಒ ನೀರು ಇಂಥ ಕಡೆ ಅಪಾಯಕಾರಿ ಎನ್ನುವುದು ಇದಕ್ಕೇ.

ಕಾರ್ಬನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತ್ಯಾಜ್ಯ ನೀರಿನ ಕೊಳವೆಯಿಂದ ನೀರು ಹಿಡಿದು ಕ್ಲೋರಿನ್ ಪರೀಕ್ಷಿಸಿ. ಆ ನೀರು ಕಾರ್ಬನ್ ದಾಟಿ ಬಂದಿರುತ್ತದೆ, ಹಿಡಿಯುವುದೂ ಸುಲಭ. ಒಟ್ಟು ಕ್ಲೋರಿನ್ ತೋರಿಸುವ ಪರೀಕ್ಷೆಯೇ ಬೇಕು. ಬರೀ ಮುಕ್ತ ಕ್ಲೋರಿನ್ ತೋರಿಸುವುದಕ್ಕೆ ಕ್ಲೋರಮೈನ್ ಕಾಣಿಸುವುದಿಲ್ಲ. ಟಿಡಿಎಸ್ ಮೀಟರನ್ನು ಈ ಕೆಲಸಕ್ಕೆ ನಂಬಲೇಬೇಡಿ. ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು, ಕ್ಲೋರಿನ್ನನ್ನಲ್ಲ.

ಮೂರನೆಯದು ಮೆಂಬ್ರೇನ್. ಆರೋಗ್ಯವಾಗಿರುವ ಮೆಂಬ್ರೇನ್ ಕರಗಿದ ಲವಣಗಳಲ್ಲಿ ಶೇ. 96ರಿಂದ 98ರಷ್ಟನ್ನು ತಡೆಯುತ್ತದೆ. ಲೆಕ್ಕ ಹೀಗೆ: ಒಳಬರುವ ನೀರು 300, ಮೆಂಬ್ರೇನ್ ದಾಟಿದ ನೀರು 9 ಎಂದಾದರೆ 291ನ್ನು 300ರಿಂದ ಭಾಗಿಸಿ, ಶೇ. 97. ಈ ಅಂಕಿ 90ಕ್ಕೆ ಬಂದಾಗ 30 ಟಿಡಿಎಸ್ ನೀರು ರೆಸಿನ್ ಮೇಲೆ ಬೀಳುತ್ತಿರುತ್ತದೆ, ಅಂದರೆ ಮೊದಲಿನ ಮೂರುಪಟ್ಟು ವೇಗದಲ್ಲಿ ರೆಸಿನ್ ಖಾಲಿಯಾಗುತ್ತದೆ. ಆಗ ಮೆಂಬ್ರೇನ್ ಬದಲಿಸುವುದೇ ಉಳಿತಾಯ.

ನಾಲ್ಕನೆಯದು ಡಿಐ ರೆಸಿನ್. ಉಳಿದ 5 ಅಥವಾ 10 ಟಿಡಿಎಸ್ ಅನ್ನು ಸೊನ್ನೆಗೆ ಇಳಿಸುವುದು ಇದೇ.

ಜೋಡಣೆ ಮತ್ತು ಮೊದಲ ಓಟ

ಮೆಂಬ್ರೇನ್ ಕೂರಿಸುವಾಗ ಅದರ ಎರಡು ತುದಿಗಳನ್ನು ನೋಡಿ. ಒಂದು ತುದಿಯ ಸಣ್ಣ ನಳಿಗೆಗೆ ಎರಡು ಓ-ರಿಂಗ್ ಇರುತ್ತವೆ. ಅದು ಮೊದಲು ಒಳಗೆ ಹೋಗಬೇಕು. ಇನ್ನೊಂದು ತುದಿಯ ಬಳಿ ಅಗಲವಾದ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ. ಅದು ಮುಚ್ಚಳದ ಕಡೆ ಉಳಿಯಬೇಕು. ಸಣ್ಣ ನಳಿಗೆ ತನ್ನ ಕುಳಿಯೊಳಗೆ ಕೂತಾಗ ಕೈಗೆ ಗೊತ್ತಾಗುತ್ತದೆ, ಅಲ್ಲಿಯವರೆಗೆ ಒತ್ತಿ. ಅರ್ಧಕ್ಕೆ ನಿಲ್ಲಿಸಿದರೆ ಶುದ್ಧ ನೀರಿನೊಳಗೆ ತ್ಯಾಜ್ಯ ನೀರು ಸೇರಿ ಟಿಡಿಎಸ್ ನಲ್ಲಿಯ ನೀರಿನಷ್ಟೇ ಇರುತ್ತದೆ, ಮೆಂಬ್ರೇನ್ ಕೆಟ್ಟಿದೆ ಎಂದುಕೊಂಡು ಜನ ಹೊಸದು ಕೊಳ್ಳುತ್ತಾರೆ. ಪಾತ್ರೆಯ ಹೊರತುದಿಯಲ್ಲಿ ಎರಡು ಕೊಳವೆಗಳಿರುತ್ತವೆ: ನಡುವಿನದು ಶುದ್ಧ ನೀರಿನದು, ಪಕ್ಕದ್ದು ತ್ಯಾಜ್ಯದ್ದು. ಹರಿವು ನಿಯಂತ್ರಿಸುವ ಫ್ಲೋ ರಿಸ್ಟ್ರಿಕ್ಟರ್ ತ್ಯಾಜ್ಯದ ಕೊಳವೆಯಲ್ಲಿರಬೇಕು. ಅದು ಇಲ್ಲದಿದ್ದರೆ ಮೆಂಬ್ರೇನ್ ಮೇಲೆ ಒತ್ತಡವೇ ಬರುವುದಿಲ್ಲ, ನೀರೆಲ್ಲ ತ್ಯಾಜ್ಯಕ್ಕೆ ಹೋಗುತ್ತದೆ.

ಓ-ರಿಂಗ್‌ಗಳಿಗೆ ಆಹಾರದರ್ಜೆಯ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಉಬ್ಬುತ್ತದೆ. ಫಿಲ್ಟರ್ ಪಾತ್ರೆಗಳನ್ನು ಕೈಯಿಂದ ಬಿಗಿದು, ಬೇಕಿದ್ದರೆ ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಸೋರುತ್ತಿದ್ದರೆ ಇನ್ನಷ್ಟು ಬಿಗಿಯುವ ಬದಲು ಬಿಚ್ಚಿ ಓ-ರಿಂಗ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ.

ಹೊಸ ಘಟಕವನ್ನು ಒಮ್ಮೆಗೇ ಪೂರ್ತಿ ಜೋಡಿಸಿ ನೀರು ಬಿಡಬೇಡಿ. ಮೊದಲು ಸೆಡಿಮೆಂಟ್ ಮತ್ತು ಕಾರ್ಬನ್ ಮಾತ್ರ ಹಾಕಿ, ಮೆಂಬ್ರೇನಿಗೆ ಹೋಗುವ ಕೊಳವೆಯನ್ನು ಬಕೆಟ್ಟಿಗೆ ಬಿಟ್ಟು, ಕಪ್ಪು ಪುಡಿ ನಿಂತು ನೀರು ತಿಳಿಯಾಗುವವರೆಗೆ ಹರಿಸಿ. ಆಮೇಲೆ ಮೆಂಬ್ರೇನ್ ಹಾಕಿ, ಡಿಐ ಕೊಳವೆ ಬಿಡಿಸಿಟ್ಟು, ಕನಿಷ್ಠ ಒಂದು ಗಂಟೆ ಓಡಿಸಿ ಆ ನೀರನ್ನು ಚೆಲ್ಲಿ. ಹೊಸ ಮೆಂಬ್ರೇನಿನಲ್ಲಿ ಅದನ್ನು ಕಾಪಾಡಲು ಹಾಕಿದ ರಾಸಾಯನಿಕ ಇರುತ್ತದೆ. ಕೊನೆಗೆ ಡಿಐ ಜೋಡಿಸಿ. ಈ ಕ್ರಮ ತಪ್ಪಿಸಿದರೆ ಕಾರ್ಬನ್ ಪುಡಿ ಮೆಂಬ್ರೇನಿಗೆ ಕಟ್ಟಿಕೊಳ್ಳುತ್ತದೆ, ಆ ರಾಸಾಯನಿಕವನ್ನು ಹೊಸ ರೆಸಿನ್ ಹೀರಿಕೊಂಡು ಮೊದಲ ದಿನವೇ ಅದರ ಆಯಸ್ಸು ಕಡಿಮೆಯಾಗುತ್ತದೆ.

ರೆಸಿನ್ ಪಾತ್ರೆ ನೇರವಾಗಿ ನಿಂತಿರಲಿ, ನೀರು ಕೆಳಗಿನಿಂದ ಮೇಲಕ್ಕೆ ಹರಿಯಲಿ, ಕಾರ್ಟ್ರಿಡ್ಜ್ ಗಿಡಿದು ತುಂಬಿರಲಿ. ಸಡಿಲವಾಗಿ ತುಂಬಿದರೆ, ಇಲ್ಲವೇ ಪಾತ್ರೆಯನ್ನು ಅಡ್ಡಡ್ಡ ಮಲಗಿಸಿದರೆ, ನೀರು ಸುಲಭದ ಒಂದೇ ದಾರಿ ಹಿಡಿದು ಓಡುತ್ತದೆ. ಅರ್ಧ ರೆಸಿನ್ ಬಳಕೆಯಾಗದೆ ಉಳಿಯುತ್ತದೆ.

ಒತ್ತಡ, ತಾಪ, ಹರಿವು

ಮೆಂಬ್ರೇನ್ ಮೇಲೆ ಬರೆದಿರುವ 75 ಜಿಪಿಡಿ ಎಂಬುದು ದಿನಕ್ಕೆ 75 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 284 ಲೀಟರ್. ನಿಮಿಷಕ್ಕೆ 200 ಮಿಲಿಲೀಟರ್ ಎಂದು ನೆನಪಿಟ್ಟುಕೊಂಡರೆ ಪರೀಕ್ಷೆ ಸುಲಭ: ಅಳತೆ ಜಗ್ಗಿನಲ್ಲಿ ಒಂದು ನಿಮಿಷ ಶುದ್ಧ ನೀರು ಹಿಡಿಯಿರಿ, ಇನ್ನೊಂದು ನಿಮಿಷ ತ್ಯಾಜ್ಯ ಹಿಡಿಯಿರಿ. ತ್ಯಾಜ್ಯ 800 ಮಿಲಿಲೀಟರ್ ಆಸುಪಾಸು ಇದ್ದರೆ ಒಂದಕ್ಕೆ ನಾಲ್ಕರ ಸರಿಯಾದ ಪ್ರಮಾಣ. ನೀರು ಉಳಿಸಲು ತ್ಯಾಜ್ಯವನ್ನು ಒಂದಕ್ಕೆ ಒಂದಕ್ಕೆ ಇಳಿಸುವ ಆಸೆ ಸಹಜ, ಆದರೆ ಗಡಸು ನೀರಿನಲ್ಲಿ ಹಾಗೆ ಮಾಡಿದರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ ಬೇಗ ಹಾಳಾಗುತ್ತದೆ. ತ್ಯಾಜ್ಯವನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸುವುದು ಅದಕ್ಕಿಂತ ಒಳ್ಳೆಯ ದಾರಿ. ಅದು ಕೊಳಚೆಯಲ್ಲ, ನಿಮ್ಮದೇ ನಲ್ಲಿ ನೀರು, ಲವಣ ಒಂದಿಷ್ಟು ಹೆಚ್ಚಿರುತ್ತದೆ ಅಷ್ಟೆ.

ಈ 200 ಮಿಲಿಲೀಟರ್ ಬರುವುದು ಸುಮಾರು 60 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ, 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. ನೀರು ಒಂದೊಂದು ಡಿಗ್ರಿ ತಣ್ಣಗಾದಾಗಲೂ ಇಳುವರಿ ಸುಮಾರು ಶೇ. 3 ಇಳಿಯುತ್ತದೆ. ಚಳಿಗಾಲದಲ್ಲಿ ಹರಿವು ಕಡಿಮೆಯಾದರೆ ಗಾಬರಿ ಬೇಡ. ಬಿಸಿನೀರನ್ನು ಮಾತ್ರ ಕೊಡಬೇಡಿ, ಮೆಂಬ್ರೇನ್ ಹಾಳಾಗುತ್ತದೆ. ಒತ್ತಡ 40 ಪಿಎಸ್ಐಗಿಂತ ಕೆಳಗಿದ್ದರೆ ಇಳುವರಿ ಕುಸಿಯುವುದಷ್ಟೇ ಅಲ್ಲ, ಶುದ್ಧತೆಯೂ ಕುಸಿಯುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬರುವ ನೀರಿನಲ್ಲಿ ಪ್ರತಿ 10 ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 14 ಪಿಎಸ್ಐ ಮಾತ್ರ, ಆದ್ದರಿಂದ ಅಲ್ಲಿ ಬೂಸ್ಟರ್ ಪಂಪ್ ಬೇಕೇ ಬೇಕು.

ಒತ್ತಡದ ಮೀಟರನ್ನು ಕಾರ್ಬನ್ ಆದಮೇಲೆ, ಮೆಂಬ್ರೇನಿಗೆ ಮೊದಲು ಹಾಕಿ. ಹೊಸ ಫಿಲ್ಟರುಗಳಿದ್ದಾಗಿನ ಅಂಕಿಯನ್ನು ಬರೆದಿಡಿ. ಅದಕ್ಕಿಂತ 10 ಪಿಎಸ್ಐ ಇಳಿದರೆ ಸೆಡಿಮೆಂಟ್ ಕಟ್ಟಿದೆ ಎಂದರ್ಥ. ಇಳಿಯದಿದ್ದರೂ ಆರು ತಿಂಗಳಿಗೊಮ್ಮೆ ಸೆಡಿಮೆಂಟ್ ಮತ್ತು ಕಾರ್ಬನ್ ಎರಡನ್ನೂ ಬದಲಿಸುವುದು ಒಳ್ಳೆಯ ಅಭ್ಯಾಸ.

ಮೊದಲ ನಿಮಿಷಗಳ ನೀರು

ಘಟಕ ನಿಂತಿರುವಾಗ ಮೆಂಬ್ರೇನಿನ ಎರಡೂ ಬದಿಯಲ್ಲಿ ನೀರು ನಿಂತಿರುತ್ತದೆ. ಒತ್ತಡವಿಲ್ಲದ ಆ ಹೊತ್ತಿನಲ್ಲಿ ಲವಣ ತಾನು ಹೆಚ್ಚಿರುವ ಬದಿಯಿಂದ ಶುದ್ಧ ಬದಿಗೆ ಮೆಲ್ಲಗೆ ಸೋರಿಕೊಳ್ಳುತ್ತದೆ. ಮತ್ತೆ ಚಾಲೂ ಮಾಡಿದಾಗ ಹೊರಬರುವ ಮೊದಲ ನೀರಿನ ಟಿಡಿಎಸ್ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಮಾಮೂಲಿ 6 ಇರುವಲ್ಲಿ 60, 100 ಕಾಣುವುದು ಹೊಸತಲ್ಲ. ನೇರವಾಗಿ ಡಿಐಗೆ ಬಿಟ್ಟರೆ ಆ ಹೊರೆಯನ್ನೆಲ್ಲ ರೆಸಿನ್ ಹೊರಬೇಕು.

ಪರಿಹಾರ ಸರಳ. ಮೆಂಬ್ರೇನ್ ಮತ್ತು ಡಿಐ ನಡುವೆ ಒಂದು ಟೀ (ಮೂರು ಬಾಯಿಯ ಕೊಳವೆ ಜೋಡಣೆ) ಜೋಡಿಸಿ ಎರಡು ಸಣ್ಣ ವಾಲ್ವ್ ಹಾಕಿ. ಪ್ರತಿ ಸಲ ಮೊದಲ ಮೂರು-ನಾಲ್ಕು ನಿಮಿಷದ ನೀರನ್ನು ಹೊರಗೆ ಬಿಟ್ಟು, ಟಿಡಿಎಸ್ ಮಾಮೂಲಿಗೆ ಇಳಿದ ಮೇಲೆ ಡಿಐ ಕಡೆ ತಿರುಗಿಸಿ. ಇದಕ್ಕಿಂತ ಅಗ್ಗವಾಗಿ ರೆಸಿನ್ ಉಳಿಸುವ ದಾರಿ ಬೇರೊಂದಿಲ್ಲ.

ಇದೇ ಕಾರಣಕ್ಕೆ ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ಮಾಡುವುದಕ್ಕಿಂತ ವಾರಕ್ಕೊಮ್ಮೆ ಕೂತು ಬೇಕಾದಷ್ಟನ್ನೂ ಮಾಡಿಕೊಳ್ಳುವುದು ಮೇಲು. ಲೆಕ್ಕ ಹಾಕಿ: 200 ಲೀಟರಿನ ಟ್ಯಾಂಕಿಗೆ ವಾರಕ್ಕೆ ಆವಿಯಾದದ್ದು 14 ಲೀಟರ್, ಶೇ. 10ರ ನೀರು ಬದಲಾವಣೆಗೆ 20 ಲೀಟರ್, ಒಟ್ಟು 34. ಗಂಟೆಗೆ 12 ಲೀಟರಿನಂತೆ ಮೂರು ಗಂಟೆ ಸಾಕು. ಆದರೆ ವಾರಗಟ್ಟಲೆ ಘಟಕವನ್ನು ನಿಲ್ಲಿಸಿಡಲೂಬೇಡಿ. ಒಳಗೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಳಸಿದ ಮೆಂಬ್ರೇನ್ ಒಣಗಲೂ ಬಾರದು.

ರೆಸಿನ್ ಮುಗಿದದ್ದು ಗೊತ್ತಾಗುವುದು ಹೇಗೆ

ಬಣ್ಣ ಬದಲಿಸುವ ರೆಸಿನ್ ಒಂದು ಸೂಚನೆ ಮಾತ್ರ. ನಿಜವಾದ ತೀರ್ಪು ಟಿಡಿಎಸ್ ಮೀಟರಿನದು: ಡಿಐ ನಂತರ ಸೊನ್ನೆ ಇರಬೇಕು, 1 ಕಂಡ ದಿನ ಬದಲಿಸಬೇಕು. “ಒಂದೇ ತಾನೆ, ಇನ್ನೊಂದು ತಿಂಗಳು ಓಡಲಿ” ಎಂದು ಬಿಡುವವರು ಬಹಳ. ಆದರೆ ರೆಸಿನ್ ತುಂಬಿಹೋದಾಗ ಬರೀ ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಗಟ್ಟಿಯಾಗಿ ಅಂಟುವ ಅಯಾನುಗಳು ಬಂದಂತೆ, ಸಡಿಲವಾಗಿ ಅಂಟಿಕೊಂಡಿದ್ದವನ್ನು ಅವು ತಳ್ಳಿ ಹೊರಹಾಕುತ್ತವೆ. ಹಾಗೆ ಮೊದಲು ಹೊರಬೀಳುವವುಗಳಲ್ಲಿ ಸಿಲಿಕೇಟ್ ಮುಖ್ಯವಾದದ್ದು. ಕ್ಲೋರಮೈನ್ ಇರುವ ಕಡೆ ಅಮೋನಿಯಾ ಕೂಡ. ತಿಂಗಳುಗಟ್ಟಲೆ ಕೂಡಿಟ್ಟದ್ದು ಒಟ್ಟಿಗೆ ಬರುವುದರಿಂದ, ಆ ಸಮಯದ ಡಿಐ ನೀರಿನಲ್ಲಿ ಇವು ಮೆಂಬ್ರೇನ್ ದಾಟಿ ಬಂದ ನೀರಿನಲ್ಲಿದ್ದುದಕ್ಕಿಂತ ಹೆಚ್ಚೇ ಇರಬಹುದು. ಸಿಲಿಕೇಟ್ ವಾಹಕತೆಯನ್ನು ಹೆಚ್ಚು ಏರಿಸುವುದಿಲ್ಲವಾದ್ದರಿಂದ ಮೀಟರ್ ಅದನ್ನು ತಡವಾಗಿ ತೋರಿಸುತ್ತದೆ. ಟಿಡಿಎಸ್ ಸೊನ್ನೆ ಇದ್ದೂ ಗಾಜಿನ ಮೇಲೆ ಕಂದು ಪದರ ನಿಲ್ಲದಿದ್ದರೆ ಅನುಮಾನ ರೆಸಿನ್ ಮೇಲೆಯೇ ಇರಲಿ.

ಇದಕ್ಕೆ ನಮ್ಮ ಗಟ್ಟಿ ಸಲಹೆ ಎರಡು ಡಿಐ ಪಾತ್ರೆ ಸಾಲಾಗಿ ಇಡುವುದು, ಮೀಟರಿನ ಒಂದು ಮುಳ್ಳನ್ನು ಎರಡರ ನಡುವೆ ಕೂರಿಸುವುದು. ಮೊದಲ ಪಾತ್ರೆಯ ನಂತರ 1 ಕಂಡಾಗ ಎರಡನೆಯದು ಇನ್ನೂ ಕಾಯುತ್ತಿರುತ್ತದೆ. ಮೊದಲನೆಯದರ ರೆಸಿನ್ ತೆಗೆದುಹಾಕಿ, ಎರಡನೆಯದನ್ನು ಮೊದಲ ಜಾಗಕ್ಕೆ ತಂದು, ಹೊಸದನ್ನು ಎರಡನೆಯ ಜಾಗಕ್ಕೆ ಹಾಕಿ. ಕೊನೆಯ ಕಾವಲು ಯಾವಾಗಲೂ ಹೊಸದಾಗಿರುತ್ತದೆ.

ಮೆಂಬ್ರೇನ್ ನಂತರ 5 ಟಿಡಿಎಸ್ ಮಾತ್ರ ಇದ್ದರೂ ರೆಸಿನ್ ವಾರಗಳಲ್ಲೇ ಮುಗಿದರೆ ಕಾರಣ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅದು ಅನಿಲವಾದ್ದರಿಂದ ಮೆಂಬ್ರೇನ್ ತಡೆಯುವುದಿಲ್ಲ, ಮೀಟರಿಗೂ ಸರಿಯಾಗಿ ಕಾಣುವುದಿಲ್ಲ, ಆದರೆ ರೆಸಿನ್‌ನ ಋಣ ಅಯಾನು ಹಿಡಿಯುವ ಭಾಗವನ್ನು ತಿನ್ನುತ್ತಲೇ ಇರುತ್ತದೆ. ಬಾವಿ, ಕೊಳವೆಬಾವಿ ನೀರಿನಲ್ಲಿ ಇದು ಸಾಮಾನ್ಯ. ಪರೀಕ್ಷೆಗೆ ಒಂದು ಲೋಟ ನಲ್ಲಿ ನೀರಿನ ಪಿಎಚ್ ನೋಡಿ, ಅದೇ ನೀರಿಗೆ ಏರ್‌ಸ್ಟೋನ್ ಹಾಕಿ ಒಂದು ದಿನ ಗಾಳಿ ಬಿಟ್ಟು ಮತ್ತೆ ನೋಡಿ. ಪಿಎಚ್ ಗಣನೀಯವಾಗಿ ಏರಿದ್ದರೆ ಅನಿಲ ಇತ್ತು ಎಂದರ್ಥ. ಆಗ ಆರ್‌ಒ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು, ಒಂದು ದಿನ ಗಾಳಿ ಬಿಟ್ಟು, ಸಣ್ಣ ಪಂಪಿನಿಂದ ಡಿಐ ಮೂಲಕ ಹಾಯಿಸಬಹುದು.

ಬಿಡಿ ರೆಸಿನ್ ಕೊಂಡರೆ ಗಾಳಿಯಾಡದಂತೆ ಮುಚ್ಚಿ, ತೇವವಾಗಿಯೇ ಇಡಿ. ಒಣಗಿದ ರೆಸಿನ್ ಮತ್ತೆ ಮೊದಲಿನಂತಾಗುವುದಿಲ್ಲ.

ಮೀಟರಿನ ಮಾತು ಒಂದಿಷ್ಟು. ಕೈಯಲ್ಲಿ ಹಿಡಿಯುವ ಮೀಟರನ್ನು ಅದ್ದುವ ಮೊದಲು ಅದೇ ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ, ಲೋಟವನ್ನೂ ಹಾಗೇ ತೊಳೆಯಿರಿ, ಮುಳ್ಳುಗಳ ನಡುವಿನ ಗುಳ್ಳೆಯನ್ನು ತಟ್ಟಿ ಬಿಡಿಸಿ. ಬೆರಳ ಬೆವರೊಂದೇ ಸೊನ್ನೆಯನ್ನು ಮೂರು ಮಾಡಬಲ್ಲದು.

ಕೂಡಿಡುವ ಡ್ರಮ್

ಶುದ್ಧ ನೀರನ್ನು ಇಡಲು ಆಹಾರದರ್ಜೆಯ ಪ್ಲಾಸ್ಟಿಕ್ ಬೇಕು. ತಳದಲ್ಲಿ ತ್ರಿಕೋನದೊಳಗೆ 2 ಎಂದಿದ್ದರೆ ಎಚ್‌ಡಿಪಿಇ, 5 ಎಂದಿದ್ದರೆ ಪಾಲಿಪ್ರೊಪಿಲೀನ್, ಎರಡೂ ಸರಿ. ಆದರೆ ಆ ಸಂಖ್ಯೆ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ, ಆಹಾರದರ್ಜೆಯನ್ನಲ್ಲ. ಅದಕ್ಕೆ ಬೇರೆ ಗುರುತು ಇರಬೇಕು. ಮೊದಲು ಸಾಬೂನು, ಬಣ್ಣ, ಕೀಟನಾಶಕ ತುಂಬಿದ್ದ ಡ್ರಮ್ ಎಷ್ಟೇ ತೊಳೆದರೂ ಬೇಡ. ಪ್ಲಾಸ್ಟಿಕ್ ಅಂಥವುಗಳನ್ನು ಹೀರಿಟ್ಟುಕೊಂಡು ತಿಂಗಳುಗಳ ಕಾಲ ಬಿಡುತ್ತಲೇ ಇರುತ್ತದೆ.

ಡ್ರಮ್ಮಿನ ನಲ್ಲಿ, ಜೋಡಣೆ ಯಾವುದೂ ಹಿತ್ತಾಳೆ, ತಾಮ್ರ ಅಥವಾ ಸತು ಲೇಪದ ಕಬ್ಬಿಣದ್ದಾಗಿರಬಾರದು. ಲವಣವೇ ಇಲ್ಲದ ನೀರು ಲೋಹವನ್ನು ಕರಗಿಸಿಕೊಳ್ಳುತ್ತದೆ. ಅಷ್ಟು ಕಷ್ಟಪಟ್ಟು ತೆಗೆದ ತಾಮ್ರ ಕೊನೆಯ ಗೇಣಿನಲ್ಲಿ ವಾಪಸು ಬರುತ್ತದೆ. ಪಿವಿಸಿ ಅಥವಾ ಪಾಲಿಪ್ರೊಪಿಲೀನ್ ಬಾಲ್ ವಾಲ್ವ್ ಹಾಕಿ. ಪಂಪ್ ಬಳಸುವುದಾದರೆ ಅದರ ಶಾಫ್ಟ್ ಸೆರಾಮಿಕ್ಕಿನದ್ದಾಗಿರಲಿ.

ಬೆಳಕು ಬೀಳಬಾರದು. ಅರೆಪಾರದರ್ಶಕ ಬಿಳಿ ಕ್ಯಾನನ್ನು ಕಿಟಕಿ ಬಳಿ ಇಟ್ಟರೆ ಪಾಚಿಯ ಪದರ ಬರುತ್ತದೆ. ಗಾಢ ಬಣ್ಣದ ಡ್ರಮ್ ತನ್ನಿ ಅಥವಾ ಕಪ್ಪು ಬಟ್ಟೆ ಹೊದಿಸಿ. ಮುಚ್ಚಳ ಧೂಳು, ಸೊಳ್ಳೆ, ಅಡುಗೆಯ ಹೊಗೆ, ಸೊಳ್ಳೆ ಔಷಧಿಯ ಸಿಂಪಡಣೆ ಒಳಹೋಗದಷ್ಟು ಬಿಗಿಯಾಗಿರಲಿ. ಕ್ಲೋರಿನ್ ತೆಗೆದಾಗಿದೆ ಎಂಬುದನ್ನು ಮರೆಯಬಾರದು: ಈ ನೀರಿಗೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಇಲ್ಲ. 100 ಲೀಟರಿನ ಡ್ರಮ್ ಎಂದರೆ 100 ಕಿಲೋ ಭಾರ, ಸ್ಟ್ಯಾಂಡ್ ಅಷ್ಟನ್ನು ಹೊರುವಂತಿರಲಿ.

ಹೀಗೆ ಮುಚ್ಚಿಟ್ಟ ನೀರು ವಾರಗಟ್ಟಲೆ ಚೆನ್ನಾಗಿರುತ್ತದೆ. ಬಳಸುವ ಮೊದಲು ಟಿಡಿಎಸ್ ನೋಡಿ. ಕೂಡಿಟ್ಟ ನೀರಿನಲ್ಲಿ 1 ಕಂಡರೆ ಗಾಬರಿ ಬೇಡ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ ಅಷ್ಟೆ. 3, 4 ಆದರೆ ಡ್ರಮ್ಮಿನಿಂದ ಏನೋ ಕರಗುತ್ತಿದೆ. ಪಿಎಚ್ ಅಳೆದು 5.8 ಬಂತೆಂದು ಸೋಡಾ ಬೆರೆಸಲು ಹೋಗಬೇಡಿ. ಅದೂ ಅದೇ ಅನಿಲದ ಕೆಲಸ. ಲವಣವಿಲ್ಲದ ನೀರಿನ ಪಿಎಚ್‌ಗೆ ಬೆಲೆಯಿಲ್ಲ, ಉಪ್ಪು ಬೆರೆಸಿದೊಡನೆ ಅದು ತಾನೇ ಸರಿಹೋಗುತ್ತದೆ.

ಎರಡು-ಮೂರು ತಿಂಗಳಿಗೊಮ್ಮೆ ಡ್ರಮ್ ಖಾಲಿ ಮಾಡಿ. ಗೋಡೆ ಜಾರಿದರೆ ಸುವಾಸನೆಯಿಲ್ಲದ ಬ್ಲೀಚ್ ಒಂದು ಪಾಲಿಗೆ ಇಪ್ಪತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಬಿಟ್ಟು, ಹಲವು ಸಲ ತೊಳೆದು, ಪೂರ್ತಿ ಒಣಗಿಸಿ. ಸಾಬೂನು ಬೇಡ. ಬ್ಲೀಚ್ ಮತ್ತು ವಿನೆಗರ್ ಎಂದೂ ಒಟ್ಟಿಗೆ ಸೇರಬಾರದು, ವಿಷಾನಿಲ ಹುಟ್ಟುತ್ತದೆ.

ತಾನಾಗಿ ನಿಲ್ಲುವ ವ್ಯವಸ್ಥೆ

ಡ್ರಮ್ಮಿಗೆ ಫ್ಲೋಟ್ ವಾಲ್ವ್, ಘಟಕಕ್ಕೆ ಆಟೊ ಶಟ್‌ಆಫ್ ವಾಲ್ವ್ ಮತ್ತು ಚೆಕ್ ವಾಲ್ವ್ (ನೀರನ್ನು ಹಿಂದಕ್ಕೆ ಹರಿಯಬಿಡದ ವಾಲ್ವ್) ಜೋಡಿಯಾಗಿ ಬೇಕು. ಡ್ರಮ್ ತುಂಬಿ ಫ್ಲೋಟ್ ಮುಚ್ಚಿದಾಗ ಶುದ್ಧ ನೀರಿನ ಕೊಳವೆಯಲ್ಲಿ ಒತ್ತಡ ಏರುತ್ತದೆ; ಅದು ಒಳಬರುವ ಒತ್ತಡದ ಸುಮಾರು ಮೂರನೇ ಎರಡರಷ್ಟಾದಾಗ ಶಟ್‌ಆಫ್ ನೀರನ್ನು ನಿಲ್ಲಿಸುತ್ತದೆ. ಡ್ರಮ್ ತುಂಬಿದ ಮೇಲೂ ತ್ಯಾಜ್ಯ ಹರಿಯುತ್ತಲೇ ಇದ್ದರೆ ಚೆಕ್ ವಾಲ್ವ್ ಕೆಟ್ಟಿದೆ, ಇಲ್ಲವೇ ಒತ್ತಡ ಸಾಲುತ್ತಿಲ್ಲ.

ಈ ಫ್ಲೋಟನ್ನು ನೇರವಾಗಿ ಅಕ್ವೇರಿಯಂಗೆ ಮಾತ್ರ ಹಾಕಬೇಡಿ. ಉಪ್ಪಿನ ಹರಳು ಸಿಕ್ಕಿ ಅದು ತೆರೆದೇ ಉಳಿದರೆ ರಾತ್ರಿ ಬೆಳಗಾಗುವುದರೊಳಗೆ ಗಂಟೆಗೆ 12 ಲೀಟರಿನಂತೆ ಸಿಹಿನೀರು ಟ್ಯಾಂಕ್ ಸೇರಿ ಹವಳ ಸತ್ತಿರುತ್ತದೆ, ನೆಲವೂ ಒದ್ದೆಯಾಗಿರುತ್ತದೆ. ಸಿಹಿನೀರಿನ ಡ್ರಮ್ಮಿಗೂ ಫ್ಲೋಟ್ ಪ್ರತಿ ಲೋಟಕ್ಕೆ ತೆರೆದುಕೊಂಡರೆ ಮೇಲೆ ಹೇಳಿದ ಮೊದಲ ನಿಮಿಷಗಳ ಕೆಟ್ಟ ನೀರೇ ದಿನವಿಡೀ ಬರುತ್ತಿರುತ್ತದೆ. ಡ್ರಮ್ ಬಹುಪಾಲು ಖಾಲಿಯಾಗಲಿ, ಆಮೇಲೆ ಕೈಯಿಂದಲೇ ವಾಲ್ವ್ ತೆರೆದು ಒಮ್ಮೆಗೇ ತುಂಬಿ.

ಉಪ್ಪು ಬೆರೆಸುವುದು

ಉಪ್ಪಿಗೆ ಬೇರೆಯದೇ ಡ್ರಮ್ ಇರಲಿ. ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಆ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬನೇಟ್ ಸೇರಿ ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತವೆ, ಮತ್ತೆ ಕರಗುವುದಿಲ್ಲ, ಕ್ಷಾರೀಯತೆ ಕುಸಿಯುತ್ತದೆ. ನೀರಿನಲ್ಲಿ ಪಂಪ್ ಜೋರಾಗಿ ಓಡುತ್ತಿರಲಿ, ಉಪ್ಪನ್ನು ಸ್ವಲ್ಪಸ್ವಲ್ಪವೇ ಉದುರಿಸಿ.

ಗುರಿ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026. ಉಪ್ಪಿನ ಮಿಶ್ರಣದಲ್ಲಿ ತೇವವೂ ಇರುವುದರಿಂದ ಲೀಟರಿಗೆ 36ರಿಂದ 38 ಗ್ರಾಂ ಬೇಕಾಗುತ್ತದೆ. 50 ಲೀಟರಿಗೆ 1.75 ಕಿಲೋ ಹಾಕಿ ಶುರುಮಾಡಿ, ಕರಗಿದ ಮೇಲೆ ಅಳೆಯಿರಿ. 33 ಬಂದರೆ ಲೀಟರಿಗೆ 2 ಗ್ರಾಂ ಕೊರತೆ, ಇನ್ನೊಂದು 110 ಗ್ರಾಂ ಹಾಕಿ. 37 ಬಂದಿದ್ದರೆ ಸುಮಾರು 2.9 ಲೀಟರ್ ಶುದ್ಧ ನೀರು ಸೇರಿಸಿ. ಉಪ್ಪಿನ ಚೀಲವನ್ನು ಬಳಸುವ ಮೊದಲು ಒಮ್ಮೆ ಉರುಳಿಸಿ ಕಲೆಸಿ. ಸಾಗಣೆಯಲ್ಲಿ ಹರಳುಗಳು ಗಾತ್ರಕ್ಕೆ ತಕ್ಕಂತೆ ಬೇರೆಬೇರೆಯಾಗಿ ಕೂತಿರುತ್ತವೆ.

ಲವಣ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಶುದ್ಧ ನೀರಿನಿಂದ ಸೊನ್ನೆಗೆ ಕೂರಿಸಿದರೆ ಸಾಲದು, 35ರ ಬಳಿ ಅದು ತಪ್ಪು ತೋರಿಸಬಹುದು. 35ರ ಪ್ರಮಾಣ ದ್ರಾವಣದಿಂದಲೇ ಹೊಂದಿಸಿ. ಅದು ಸಿಗದಿದ್ದರೆ ಮನೆಯಲ್ಲೇ ಮಾಡಬಹುದು: ಬೇರೇನೂ ಬೆರೆಸದ ಶುದ್ಧ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಶುದ್ಧ ನೀರು 963.5 ಗ್ರಾಂ. ಈ ದ್ರಾವಣದ ಬೆಳಕಿನ ವಕ್ರೀಭವನ 35 ಭಾಗದ ಕಡಲನೀರಿನಷ್ಟೇ ಇರುತ್ತದೆ.

ಟ್ಯಾಂಕಿಗೆ ಸುರಿಯುವ ಮೊದಲು ತಾಪ ಮತ್ತು ಲವಣ ಎರಡೂ ಟ್ಯಾಂಕಿನದಕ್ಕೆ ಸಮನಾಗಿರಲಿ. ಎಷ್ಟು ಹೊತ್ತು ಕಲಕಬೇಕು ಎಂಬುದು ಉಪ್ಪಿನ ತಯಾರಕರನ್ನು ಅವಲಂಬಿಸಿದೆ. ಕೆಲವು ಮಿಶ್ರಣ ಕೆಲವೇ ಗಂಟೆಗಳಲ್ಲಿ ಬಳಕೆಯಾಗಬೇಕು, ಹೆಚ್ಚು ಹೊತ್ತು ಬಿಸಿಯಲ್ಲಿ ಕಲಕಿದರೆ ಗಸಿ ಬೀಳುತ್ತದೆ. ಕೆಲವನ್ನು ವಾರಗಟ್ಟಲೆ ಇಡಬಹುದು. ಚೀಲದ ಮೇಲಿನ ಸೂಚನೆಯನ್ನೇ ಅನುಸರಿಸಿ. ಡ್ರಮ್ಮಿನ ಗೋಡೆಗೆ ಬಿಳಿ ಸುಣ್ಣ ಕಟ್ಟಿದ್ದರೆ ವಿನೆಗರ್ ಬೆರೆಸಿದ ನೀರಿನಲ್ಲಿ ಪಂಪನ್ನು ಒಂದು ಗಂಟೆ ಓಡಿಸಿ ತೊಳೆಯಿರಿ.

ಆವಿಯಾದ ನೀರನ್ನು ತುಂಬುವುದು

ತುಂಬಬೇಕಾದದ್ದು ಯಾವಾಗಲೂ ಸಿಹಿನೀರು. ಉಪ್ಪುನೀರು ತುಂಬಿದರೆ ಲವಣ ದಿನೇದಿನೇ ಏರುತ್ತದೆ. ಆವಿಯಾದಷ್ಟನ್ನು ತಾನೇ ತುಂಬುವ ಆಟೊ ಟಾಪ್-ಆಫ್ ಪಂಪ್ ಇದ್ದರೆ ಕೊಳವೆಯ ತುದಿ ಟ್ಯಾಂಕಿನ ನೀರಿನಿಂದ ಮೇಲಿರಲಿ, ಮುಳುಗಿದ್ದರೆ ಪಂಪ್ ನಿಂತಾಗ ಸೈಫನ್ ಹುಟ್ಟಿ ಉಪ್ಪುನೀರು ಹಿಂದಕ್ಕೆ ಬರುತ್ತದೆ. ಪಂಪ್ ಮುಳುಗಿರುವ ಪಾತ್ರೆ ಚಿಕ್ಕದಿರಲಿ: ಸೆನ್ಸರ್ ಕೆಟ್ಟು ಪಾತ್ರೆ ಪೂರ್ತಿ ಸುರಿದರೂ ಟ್ಯಾಂಕ್ ತಡೆದುಕೊಳ್ಳುವಷ್ಟು. 100 ಲೀಟರಿನ ಟ್ಯಾಂಕಿಗೆ 10 ಲೀಟರ್ ಒಮ್ಮೆಗೇ ಸುರಿದರೆ ಲವಣ 35ರಿಂದ 31.8ಕ್ಕೆ ಇಳಿಯುತ್ತದೆ. 4 ಲೀಟರಾದರೆ 33.7, ಅದನ್ನು ಹೆಚ್ಚಿನ ಜೀವಿಗಳು ಸಹಿಸುತ್ತವೆ.

ಘಟಕ ಕೈಕೊಟ್ಟಾಗ

ಯಾವಾಗಲೂ ಟ್ಯಾಂಕಿನ ಕಾಲುಭಾಗದಷ್ಟು ನೀರು ಬದಲಿಸಲು ಬೇಕಾಗುವ ಶುದ್ಧ ನೀರು ಕೈಯಲ್ಲಿರಲಿ. ಮೀನು ಸತ್ತು ಅಮೋನಿಯಾ ಏರುವುದು ಘಟಕ ಸರಿಯಿರುವ ದಿನವೇ ಆಗಬೇಕೆಂದಿಲ್ಲ. ಅದೂ ಇಲ್ಲದಿದ್ದರೆ ಕುಡಿಯಲು ಯೋಗ್ಯವೆಂದು ಬರೆದ ಡಿಸ್ಟಿಲ್ಡ್ ನೀರು ತನ್ನಿ, ಟಿಡಿಎಸ್ ನೋಡಿ ಬಳಸಿ. ಏಸಿಯಿಂದ ತೊಟ್ಟಿಕ್ಕುವ ನೀರು ಸೊನ್ನೆಗೆ ಹತ್ತಿರ ತೋರಿಸಿದರೂ ಬೇಡ, ಅದು ಲೋಹದ ಕಾಯಿಲ್ ಮೇಲೆ ಹರಿದು ಬಂದದ್ದು. ಆ ಕಾಯಿಲ್‌ಗಳಲ್ಲಿ ತಾಮ್ರವಿರುತ್ತದೆ. ಬೇರೆ ದಾರಿಯೇ ಇಲ್ಲದೆ ನಲ್ಲಿಯ ನೀರನ್ನೇ ಬಳಸಬೇಕಾಗಿ ಬಂದರೆ ಕ್ಲೋರಮೈನನ್ನೂ ಅಮೋನಿಯಾವನ್ನೂ ನಿಭಾಯಿಸುವ ಡೀಕ್ಲೋರಿನೇಟರ್ ಹಾಕಿ, ಒಂದೇ ಸಲಕ್ಕೆ ಶೇ. 10ಕ್ಕಿಂತ ಹೆಚ್ಚು ಬದಲಿಸದೆ, ಮುಂದಿನ ನೀರು ಬದಲಾವಣೆಗಳನ್ನು ಶುದ್ಧ ನೀರಿನಿಂದಲೇ ಮಾಡಿ; ಡೀಕ್ಲೋರಿನೇಟರ್ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಯಾವುದನ್ನೂ ತೆಗೆದಿರುವುದಿಲ್ಲ.